ಕೆರೆ ತಿರುವಿನ ಬ್ರೇಕ್

ಮಂಡಿನೋವಿಗೆ ಸೋತು, ನಮ್ಮ ಹಳೇ ಕಾರಿಗೆ ನಾನೇ ಕ್ರೂಸ್ ಕಂಟ್ರೋಲ್ ಕೂರಿಸಿದ್ದೆ. ಕಾಲು ತೆಗೆದರೂ ಕಾರು ಒಂದೇ ವೇಗದಲ್ಲಿ ಹೋಗುತ್ತಿತ್ತು. ಬ್ರೇಕ್ ಒತ್ತಿದರೆ ಮಾತ್ರ ಆ ಯಂತ್ರ ಆಫ್ ಆಗಬೇಕು; ಆದರೆ ಕೆರೆಯ ತಿರುವಿನಲ್ಲಿ ಪ್ರತಿಸಲ ತಾನಾಗೇ ಆಫ್ ಆಗುತ್ತಿತ್ತು. ಬ್ರೇಕಿನ ಸ್ವಿಚ್ ಕೆಟ್ಟಿರಬೇಕೆಂದು ಬದಲಾಯಿಸಿ, ಮಂಜು ಕವಿದ ಬೆಳಗ್ಗೆ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ತಿರುವಿನಲ್ಲಿ ಕಾರು ನಿದ್ದೆ ಹತ್ತಿದಂತೆ ಮೆಲ್ಲಗೆ ನಿಂತಿತು.

“ಯಾಕೋ ಬ್ರೇಕ್ ಒತ್ತಿದೆ?”

“ನಾನೆಲ್ಲಿ ಒತ್ತಿದೆ? ಕಾಲು ಹಿಂದಕ್ಕೆಳಕೊಂಡು ಕೂತಿದ್ದೀನಿ, ನೋಡೇ.”

ಬಗ್ಗಿ ನೋಡಿದೆವು. ಕೆಳಗಿಳಿದಿದ್ದ ಬ್ರೇಕ್ ಪೆಡಲ್ ತಾನಾಗಿ ನಿಧಾನಕ್ಕೆ ಮೇಲೆದ್ದಿತು. ಮುಟ್ಟಿದೆ. ಕಾರೆಲ್ಲ ಚಳಿಗೆ ಕೊರೆಯುತ್ತಿದ್ದರೂ ಅದರ ರಬ್ಬರ್ ಒದ್ದೆಯಾಗಿ ಬೆಚ್ಚಗಿತ್ತು.

ಅವತ್ತೇ ಯಂತ್ರವನ್ನು ಕಿತ್ತುಹಾಕಿದೆ. ಮರುದಿನ ಅಕ್ಕ ಚಪ್ಪಲಿ ಬಿಚ್ಚಿಟ್ಟು, ಒಬ್ಬಳೇ ಕಾರು ಓಡಿಸಿಕೊಂಡು ಹೋಗಿ ಬಂದಳು. ಬಾಗಿಲಲ್ಲೇ ನಿಂತು ಹೇಳಿದಳು: “ತಿರುವಿನಲ್ಲಿ ಬ್ರೇಕ್ ಒತ್ತೋಕೆ ಹೋದೆ ಕಣೋ. ಕಾಲಿಗೆ ಪೆಡಲ್ ಸಿಗಲಿಲ್ಲ. ಯಾರದೋ ಪಾದ ಸಿಕ್ಕಿತು.”