ಹದಿನಾರನೆಯ ತೂತು

"ಎಂಟು ಸಾಲಲ್ಲ ಅಂದ್ರೆ ಹದಿನಾರು. ಅದೂ ಸಾಲಲ್ಲ ಅಂದ್ರೆ ಇಪ್ಪತ್ನಾಲ್ಕು. ನೀವೇ ಹೇಳಿ ಮೇಡಂ," ಎಂದು ವೈರಣ್ಣ ಎರಡು ಡಬ್ಬಗಳನ್ನು ಮೇಜಿನ ಮೇಲಿಟ್ಟ.

ಅವನ ನಿಜವಾದ ಹೆಸರು ಏನೋ, ಯಾರೂ ಕೇಳಿದವರಿಲ್ಲ. ಅಂಗಡಿಯ ತುಂಬ ನೀಲಿ, ಹಳದಿ ವೈರುಗಳ ಸುರುಳಿಗಳು ನೇತಾಡುತ್ತಿದ್ದವು. ಹಾಗಾಗಿ ಅವನು ಎಲ್ಲರಿಗೂ ವೈರಣ್ಣ.

ಅಮ್ಮ ಸುಮ್ಮನೆ ಡಬ್ಬಗಳನ್ನು ನೋಡುತ್ತ ನಿಂತಿದ್ದಳು. ಬೆಳಗಿನಿಂದಲೂ ಅವಳು ಹೀಗೇ. ಏನು ಕೇಳಿದರೂ "ಹ್ಞೂಂ" ಅನ್ನುವುದು, ಇಲ್ಲವಾದರೆ ಅದೂ ಇಲ್ಲ.

"ಇಪ್ಪತ್ನಾಲ್ಕೇ ತಗೊಳ್ಳಮ್ಮ! ಯಾರೂ ಯಾರ ವೈರೂ ಕೀಳೋದು ಬೇಡ. ಅಮ್ಮಾ, ಕೇಳಿಸ್ತಾ? ಇಪ್ಪತ್ನಾಲ್ಕು ಅಮ್ಮಾ, ಪ್ಲೀಸ್," ಎಂದಳು ಪಿಟೀಲು.

ಪಿಟೀಲು ಎಂದರೆ ಅಮ್ಮನ ಮಗಳು. ಐದನೇ ಕ್ಲಾಸು. ಒಂದು ಮಾತು ಹಿಡಿದಳೆಂದರೆ ಅದನ್ನೇ ಕುಯ್ಯುತ್ತ ಕೂರುತ್ತಾಳೆ, ಅದಕ್ಕೇ ಆ ಹೆಸರು. ಕೆಲವು ತಿಂಗಳಿಂದ ಅವಳು ಕುಯ್ಯುತ್ತಿದ್ದದ್ದು ಒಂದೇ ಮಾತು: "ಹೊಸ ಸ್ವಿಚ್ಚು ಯಾವಾಗ?"

ಸ್ವಿಚ್ಚು ಎಂದರೆ ಲೈಟು ಹಾಕುವ ಸ್ವಿಚ್ಚಲ್ಲ. ಅದೊಂದು ಚಪ್ಪಟೆ ಪೆಟ್ಟಿಗೆ. ಮುಖದ ತುಂಬ ಚೌಕ ಚೌಕ ತೂತುಗಳು. ಆಫೀಸಿನ ಒಂದೊಂದು ಕಂಪ್ಯೂಟರಿನ ವೈರನ್ನೂ ಒಂದೊಂದು ತೂತಿಗೆ ಸಿಕ್ಕಿಸಬೇಕು. ಆಗ ಕಂಪ್ಯೂಟರುಗಳು ಒಂದರ ಜೊತೆ ಒಂದು ಮಾತಾಡುತ್ತವೆ. ತೂತು ಸಿಗದ ಕಂಪ್ಯೂಟರು ಬಾಯಿ ಮುಚ್ಚಿಕೊಂಡು ಕೂತಿರಬೇಕು, ಅಷ್ಟೇ.

ಆಫೀಸು ದೊಡ್ಡಮ್ಮನದು. ಸಾಮಾನು ಸಾಗಿಸಬೇಕಾದವರು ಫೋನು ಮಾಡುತ್ತಾರೆ, ಆಫೀಸಿನವರು ಲಾರಿ ಹುಡುಕಿ ಕಳಿಸುತ್ತಾರೆ. ದೊಡ್ಡಮ್ಮ ಮತ್ತು ಅಮ್ಮ ಒಂದು ಕೋಣೆ, ಒಂದು ಫೋನು ಇಟ್ಟುಕೊಂಡು ಶುರುಮಾಡಿದ್ದು. ಆಮೇಲೆ ಜನ ಸೇರಿದರು, ಕಂಪ್ಯೂಟರು ಬಂದವು. ಹಳೆಯ ಸ್ವಿಚ್ಚಿನ ಎಂಟು ತೂತೂ ತುಂಬಿಹೋದವು.

ಅಷ್ಟರಲ್ಲಿ ಇನ್ನೊಂದು ಪ್ರಿಂಟರ್ ಬೇರೆ ಬಂತು. ಅದಕ್ಕೆ ತೂತೆಲ್ಲಿ? ಪ್ರಿಂಟ್ ಬೇಕಾದಾಗಲೆಲ್ಲ ಯಾರಾದರೊಬ್ಬರು ತಮ್ಮ ವೈರು ಬಿಟ್ಟುಕೊಡಬೇಕು.

"ನಂದೇ ತೆಗೀರಿ," ಎನ್ನುತ್ತಿದ್ದವಳು ಅಮ್ಮ. ಪ್ರತಿ ಸಲವೂ ಅವಳೇ. ಹಾಗಾಗಿ ಅವಳ ಕೆಲಸ ಹಿಂದೆ ಬಿದ್ದು, ಎಲ್ಲರೂ ಮನೆಗೆ ಹೋದ ಮೇಲೆ ಮುಗಿಯುತ್ತಿತ್ತು.

ಇತ್ತ ಪಿಟೀಲು ಸ್ಕೂಲಿನಿಂದ ಬಂದು, ಬೀಗ ಹಾಕಿದ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ಬರೆದು ಮುಗಿದ ಮೇಲೂ ಕೂತಿರುತ್ತಿದ್ದಳು. ಲಾರಿ ಓಡಿಸುವ ಅಪ್ಪ ವಾರಕ್ಕೊಮ್ಮೆ ಬಂದರೆ ಹೆಚ್ಚು. ಕತ್ತಲಾದರೆ ಅವಳಿಗೆ ತುಂಬ ಹೆದರಿಕೆ. ಆದರೆ ಅದನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ.

ಹೊಸ ಸ್ವಿಚ್ಚು ಬಂದರೆ ಅಮ್ಮ ಬೇಗ ಬರುತ್ತಾಳೆ. ಇದು ಪಿಟೀಲಿನ ಲೆಕ್ಕ.

ವೈರಣ್ಣ ದೊಡ್ಡ ಸ್ವಿಚ್ಚಿಗೆ ಕರೆಂಟು ಕೊಟ್ಟ. ಒಳಗಿನ ಫ್ಯಾನು ಗುಂಯ್ ಎಂದಿತು. ಅಮ್ಮ ಬಗ್ಗಿ ಕಿವಿಯಿಟ್ಟು ಕೇಳಿದಳು.

"ಬೇಡಪ್ಪ. ಇದು ಫೋನಲ್ಲಿ ಮಾತಾಡೋರ ಪಕ್ಕದಲ್ಲೇ ಇರುತ್ತೆ. ದಿನಾ ಹೀಗೆ ಗುಂಯ್‌ಗುಡ್ತಿದ್ರೆ ಅವರಿಗೆ ತಲೆ ಚಿಟ್ಟು ಹಿಡಿಯುತ್ತೆ."

"ಹದಿನಾರರದ್ದಕ್ಕೆ ಫ್ಯಾನಿಲ್ಲ. ಸದ್ದೇ ಇಲ್ಲ. ಆದ್ರೆ ಸಾಲುತ್ತಾ ನೋಡ್ಕೊಳ್ಳಿ."

ಅಮ್ಮ ಬೆರಳು ಮಡಚತೊಡಗಿದಳು. "ಅಕ್ಕಂದು ಒಂದು. ಹೊಸ ಪಾರ್ಟ್ನರ್‌ದು ಒಂದು. ಲೆಕ್ಕ ಬರೆಯೋರದ್ದು ಒಂದು. ಬುಕಿಂಗಲ್ಲಿ ಹಳಬರು ಇಬ್ಬರು, ಹೊಸಬರು ಐದು ಜನ. ಹತ್ತಾಯ್ತು. ಪ್ರಿಂಟರ್ ಎರಡು, ಕ್ಯಾಮೆರಾ ಎರಡು, ಇಂಟರ್ನೆಟ್ ಬರೋ ವೈರು ಒಂದು. ಹದಿನೈದು."

"ಒಂದು ಸ್ಪೇರೂ ಉಳೀತು! ಆಫೀಸು ದೊಡ್ಡದಾಗ್ತಿದೆ, ಖುಷಿ ವಿಷಯ ಮೇಡಂ," ಎಂದ ವೈರಣ್ಣ.

"ಹ್ಞೂಂ," ಎಂದಳು ಅಮ್ಮ.

ಪಿಟೀಲಿನ ಕಿವಿ ನೆಟ್ಟಗಾಯಿತು. ಬುಕಿಂಗಲ್ಲಿ ಹಳಬರು ಇಬ್ಬರಾ? ಜೋರು ದನಿಯ ಅಂಕಲ್ ಒಬ್ಬರು, ಕನ್ನಡಕದ ಅಕ್ಕ ಒಬ್ಬರು, ಮತ್ತೆ ಅಮ್ಮ. ಮೂವರಾಗಬೇಕಲ್ಲ!

ಅಮ್ಮ ತನ್ನನ್ನೇ ಮರೆತಿದ್ದಾಳೆ. ಮನೆಯಲ್ಲೂ ಅಷ್ಟೇ. ಎಲ್ಲರಿಗೂ ತಟ್ಟೆ ಇಡುತ್ತಾಳೆ, ತನ್ನ ತಟ್ಟೆ ಇಡುವುದು ಮಾತ್ರ ಅವಳಿಗೆ ನೆನಪಿರುವುದಿಲ್ಲ.

ಹೇಳಿಬಿಡಲು ಬಾಯಿ ತೆರೆದವಳು, ನಾಲಿಗೆ ಕಚ್ಚಿಕೊಂಡು ಸುಮ್ಮನಾದಳು. ಹೇಗೂ ಒಂದು ತೂತು ಉಳಿದಿದೆ. ಆಫೀಸಿಗೆ ಹೋದ ಮೇಲೆ ಹೇಳಿದರಾಯಿತು. ಬೆಳಗಿನಿಂದ ಸಪ್ಪಗಿರುವ ಅಮ್ಮ ಆಗಲಾದರೂ ನಗುತ್ತಾಳೆ. ಪಿಟೀಲು ಒಂದು ಮಾತನ್ನು ಇಷ್ಟು ಹೊತ್ತು ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಬಹುಶಃ ಅದೇ ಮೊದಲು.

ಭಾನುವಾರವಾದ್ದರಿಂದ ಆಫೀಸಿನಲ್ಲಿ ದೊಡ್ಡಮ್ಮ ಒಬ್ಬಳೇ ಇದ್ದಳು. ಹೊಸ ಮೇಜುಗಳು ಸಾಲಾಗಿ ನಿಂತಿದ್ದವು. ಕುರ್ಚಿಗಳ ಪ್ಲಾಸ್ಟಿಕ್ ಕವರನ್ನೂ ಇನ್ನೂ ತೆಗೆದಿರಲಿಲ್ಲ.

ಅಮ್ಮ ಸೆರಗು ಸಿಕ್ಕಿಸಿಕೊಂಡು ಮೇಜುಗಳ ಕೆಳಗೆ ನುಗ್ಗಿದಳು. ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಅಲ್ಲಿ ಅವಳೊಬ್ಬಳಿಗೇ ಗೊತ್ತು. ಒಂದೊಂದೇ ವೈರು ಸಿಕ್ಕಿಸಿದಂತೆ ಸ್ವಿಚ್ಚಿನಲ್ಲಿ ಒಂದೊಂದೇ ಹಸಿರು ದೀಪ ಹತ್ತಿತು. ದೊಡ್ಡಮ್ಮ ಹತ್ತಿರ ಬರಲೇ ಇಲ್ಲ. ದೂರದ ಮೇಜಿನ ಮೇಲೆ ಅದೇನೋ ಕಾಗದ ಎತ್ತಿಡುತ್ತಿದ್ದಳು, ಮತ್ತೆ ಅದನ್ನೇ ಎತ್ತಿಡುತ್ತಿದ್ದಳು.

"ಎಲ್ಲಾ ಬಂತಕ್ಕ," ಎಂದಳು ಅಮ್ಮ, ಮೊಣಕೈ ಧೂಳು ಒರೆಸಿಕೊಳ್ಳುತ್ತ.

"ಎಲ್ಲಾ ಬಂದಿಲ್ಲ!" ಪಿಟೀಲು ಕುಣಿದಳು. "ಒಂದು ಮರ್ತಿದೀಯ!"

"ಯಾವುದೇ?"

"ನಿಂದೇ! ಪ್ರಿಂಟರ್‌ಗೆ ಒಂದು ತೂತಿದೆ, ಕ್ಯಾಮೆರಾಗೂ ಒಂದಿದೆ. ನಿನಗೇ ಇಲ್ಲ! ಅಂಗಡೀಲೇ ಕಂಡುಹಿಡಿದೆ ನಾನು. ಹೇಳ್ಳೇ ಇಲ್ಲ!"

ಕಿಟಕಿ ಪಕ್ಕದ್ದು ಅಮ್ಮನ ಮೇಜು. ಅದರ ಕೆಳಗೆ ಒಂದು ವೈರನ್ನು ಸುತ್ತಿ ಕಟ್ಟಿಟ್ಟಿತ್ತು. ಪಿಟೀಲು ಅದನ್ನು ಬಿಚ್ಚಿ ಎಳೆದುಕೊಂಡು ಬಂದು ಖಾಲಿ ತೂತಿಗೆ ಸಿಕ್ಕಿಸಿದಳು. ಟಿಕ್. ಹದಿನಾರನೆಯ ದೀಪವೂ ಹತ್ತಿತು.

ಅವಳೊಬ್ಬಳೇ ಚಪ್ಪಾಳೆ ತಟ್ಟಿದಳು.

"ಅದು ತೆಗಿ ಕಂದ," ಎಂದಳು ದೊಡ್ಡಮ್ಮ. "ಅದು ಸ್ಪೇರು. ಮುಂದೆ ಯಾರಾದ್ರೂ ಬಂದ್ರೆ ಬೇಕಾಗುತ್ತೆ."

"ಯಾರೋ ಬಂದ್ರೆ ಆಮೇಲೆ ತಾನೇ? ಈಗ ಅಮ್ಮಂದು ಎಲ್ಲಿ ಹಾಕೋದು? ಹೇಳು ದೊಡ್ಡಮ್ಮ, ಎಲ್ಲಿ?"

ದೊಡ್ಡಮ್ಮ ಕೈಯಲ್ಲಿದ್ದ ಕಾಗದ ಕೆಳಗಿಟ್ಟಳು.

"ಇವಳಿಗೆ ನೀನಿನ್ನೂ ಹೇಳಿಲ್ವೇನೆ?" ಎಂದು ದೊಡ್ಡಮ್ಮ ಅಮ್ಮನನ್ನು ಕೇಳಿದಳು. ಅಮ್ಮ ಇಲ್ಲವೆಂದು ತಲೆಯಾಡಿಸಿದಳು.

ದೊಡ್ಡಮ್ಮ ಕುರ್ಚಿಯಲ್ಲಿ ಕುಸಿದು ಕೂತಳು. "ಹೊಸ ಪಾರ್ಟ್ನರ್ ಕಂಡೀಷನ್ ಅದು. ಆಫೀಸಲ್ಲಿ ನನ್ನ ಕಡೆಯೋರು ಯಾರೂ ಕೆಲಸಕ್ಕೆ ಇರಬಾರದಂತೆ. ಒಪ್ಪದೇ ಇದ್ರೆ ಅವರು ಬರಲ್ಲ. ಅವರ ದುಡ್ಡು ಬರ್ದಿದ್ರೆ ಆಫೀಸನ್ನೇ ಮುಚ್ಚಬೇಕು. ಅಷ್ಟು ಜನ ಬೀದಿಗೆ ಬೀಳ್ತಾರೆ."

"ಅಮ್ಮ ನಿನ್ನ ತಂಗಿ ಅಲ್ವಾ?"

"ಅದಕ್ಕೇ," ಎಂದಳು ದೊಡ್ಡಮ್ಮ. ಅಂಗೈಯಿಂದ ಮುಖ ಮುಚ್ಚಿಕೊಂಡಳು.

ಪಿಟೀಲಿಗೆ ದೊಡ್ಡಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು. ಕಂಡರಿಯದ ಆ ಪಾರ್ಟ್ನರ್ ಮೇಲೆ ಇನ್ನೂ ಹೆಚ್ಚು ಬಂತು. ಎಲ್ಲಕ್ಕಿಂತ ಸಿಟ್ಟು ಬಂದದ್ದು ಆ ಸ್ವಿಚ್ಚಿನ ಮೇಲೆ. ಬೇಕು ಬೇಕು ಎಂದು ಕುಯ್ದವಳು ತಾನೇ. ಈಗ ಅದನ್ನು ಎತ್ತಿ ನೆಲಕ್ಕೆ ಕುಕ್ಕಬೇಕು ಅನ್ನಿಸಿತು. ಆದರೆ ಅವಳು ಅಲುಗಾಡದೆ ನಿಂತೇ ಇದ್ದಳು.

ಅಮ್ಮ ಬಂದು ಅವಳ ಪಕ್ಕ ಮೊಣಕಾಲೂರಿದಳು. ವೈರಿನ ತುದಿಯ ಪುಟ್ಟ ಕ್ಲಿಪ್ಪು ಒತ್ತಿ ಮೆಲ್ಲಗೆ ಎಳೆದಳು. ದೀಪ ಆರಿತು. ವೈರನ್ನು ಮೊದಲಿನ ಹಾಗೇ ಸುತ್ತಿ ಕಟ್ಟಿದಳು. ಆಮೇಲೆ ತನ್ನ ಮೇಜಿನ ಡ್ರಾಯರಿನಿಂದ ಒಂದು ಲೋಟ, ಬಾಚಣಿಗೆ, ಸ್ವೆಟರು ತೆಗೆದು ಚೀಲಕ್ಕೆ ಹಾಕಿಕೊಂಡಳು. ಅಷ್ಟು ವರ್ಷಕ್ಕೆ ಅಷ್ಟೇ ಸಾಮಾನು.

"ಬರ್ತೀನಕ್ಕ," ಎಂದಳು. ದೊಡ್ಡಮ್ಮ ಮುಖದಿಂದ ಕೈ ತೆಗೆಯಲಿಲ್ಲ.

ರಸ್ತೆಯಲ್ಲಿ ಇಬ್ಬರೂ ಬಹಳ ದೂರ ನಡೆದರು. ಬಸ್ಸುಗಳು ಹೊಗೆಯುಗುಳುತ್ತ ಹೋಗುತ್ತಿದ್ದವು. ಸಿಗ್ನಲ್ಲಿನ ಹತ್ತಿರ ನಿಂತಾಗ ಅಮ್ಮನೇ ಮಾತು ತೆಗೆದಳು.

"ಇನ್ಮೇಲೆ ನೀನು ಮೆಟ್ಟಿಲ ಮೇಲೆ ಕೂರೋದು ಬೇಡ. ಸ್ಕೂಲಿಂದ ಬರೋ ಹೊತ್ತಿಗೆ ನಾನು ಮನೇಲೇ ಇರ್ತೀನಿ."

ಪಿಟೀಲು ದಿನಾ ಸಂಜೆ ಬೇಡಿಕೊಂಡದ್ದು ಇದನ್ನೇ. ಈಗ ಅದು ಕಿವಿಗೆ ಬಿದ್ದಾಗ ಅಳು ಒತ್ತರಿಸಿ ಬಂತು. ಅಮ್ಮ ಮುಂದೆ ಏನು ಮಾಡುತ್ತಾಳೆ, ಬೇರೆ ಯಾರು ಅವಳಿಗೆ ಕೆಲಸ ಕೊಡುತ್ತಾರೆ, ಒಂದೂ ಅವಳಿಗೆ ತಿಳಿಯಲಿಲ್ಲ. ಅಮ್ಮನಿಗೂ ಗೊತ್ತಿಲ್ಲ ಎಂಬುದು ಮಾತ್ರ ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

"ಅಮ್ಮಾ," ಎಂದಳು ಸಣ್ಣ ದನಿಯಲ್ಲಿ. "ಅಂಗಡೀಲಿ ಎಣಿಸುವಾಗ ನೀನು ಮರ್ತಿರ್ಲಿಲ್ಲ, ಅಲ್ವಾ?"

"ಇಲ್ಲ ಕಣೇ." ಅಮ್ಮ ಎದುರಿನ ಕೆಂಪು ದೀಪವನ್ನೇ ನೋಡುತ್ತಿದ್ದಳು. "ಅಭ್ಯಾಸ ನೋಡು. ಬಾಯಿತಪ್ಪಿ ನಂದೂ ಸೇರಿಸಿ ಎಣಿಸಿಬಿಡ್ತೀನೇನೋ ಅಂತ ಬೆಳಗ್ಗೆಯಿಂದ ಭಯ ಇತ್ತು."

ಪಿಟೀಲು ಅಮ್ಮನ ಕೈಯಿಂದ ಚೀಲವನ್ನು ಇಸಿದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು. ದೀಪ ಹಸಿರಾದಾಗ ಇಬ್ಬರೂ ರಸ್ತೆ ದಾಟಿದರು.