ಅಜ್ಜಿಯ ಅಪ್ಪನ ಪಾಲು

“ದೇವರ ಪಾಲು. ಗುರುವಿನ ಪಾಲು. ಅವ್ವನ ಪಾಲು.”

ರಾಚವ್ವಜ್ಜಿ ಒಂದೊಂದು ಪಾಲು ಹೇಳುತ್ತ ಮಣ್ಣಿನ ನಾಗಪ್ಪನ ಮೇಲೆ ಒಂದೊಂದು ಚಮಚ ಹಾಲು ಎರೆಯುತ್ತಿದ್ದಳು. ಘಾಟ್ಕೋಪರಿನ ಆ ಚಾಳಿನ ಎರಡನೇ ಮಹಡಿಯಲ್ಲಿ ವಿಜಯಪುರ ಕಡೆಯ ಐದು ಮನೆಗಳಿವೆ. ನಾಗರ ಚೌತಿ, ಮರುದಿನ ಪಂಚಮಿ, ಎರಡೂ ದಿನ ಐದೂ ಮನೆಯ ಹೆಂಗಸರು ಕಾರಿಡಾರಿನಲ್ಲಿ ಸೇರುತ್ತಾರೆ. ಇದ್ದವರಿಗೂ ಪಾಲು, ಸತ್ತವರಿಗೂ ಪಾಲು. ಮನೆಯವರನ್ನು ಯಾರನ್ನೂ ಬಿಡುವಂತಿಲ್ಲ.

“ಗಂಡನ ಪಾಲು. ಮಗ ಹಣಮಂತನ ಪಾಲು. ಸೊಸಿ ಪಾಲು. ಮೊಮ್ಮಗಳು ನಿಖಿತಾನ ಪಾಲು.”

ಶನಿವಾರ, ಶಾಲೆಗೆ ರಜೆ. ಐದನೇ ಕ್ಲಾಸಿನ ನಿಖಿತಾ ಪಕ್ಕದಲ್ಲೇ ಕೂತು ಬೆರಳು ಮಡಚಿ ಎಣಿಸುತ್ತಿದ್ದಳು.

“ಅಜ್ಜೀ, ಚೀಟಿಂಗ್! ನಿಮ್ಮಪ್ಪಂದು ಬಿಟ್ಟುಬಿಟ್ಟೆ! ಎಲ್ಲರೂ ಅಪ್ಪಂದು ಹಾಕಿದ್ರಲ್ಲ?”

ಪಕ್ಕದ ಮನೆಯ ಶೈಲಾ ಆಂಟಿ ತಲೆ ಎತ್ತಿದರು. “ಹೌದಲ್ರೀ ರಾಚವ್ವಾರ, ನಿಮ್ಮ ಅಪ್ಪನ ಹೆಸರ ನಾವು ಒಮ್ಮಿನೂ ಕೇಳಿಲ್ಲ. ಏನಿತ್ತರಿ ಹೆಸರು?”

ಶೈಲಾ ಆಂಟಿ ಕೆಟ್ಟವರಲ್ಲ. ದಿನಕ್ಕೆ ನಾಲ್ಕು ಪ್ರಶ್ನೆ ಕೇಳದಿದ್ದರೆ ಅವರಿಗೆ ಉಂಡ ಅನ್ನ ಅರಗುವುದಿಲ್ಲ, ಅಷ್ಟೆ.

ಅಜ್ಜಿ ಚಮಚ ಕೆಳಗಿಟ್ಟಳು. “ಮಣಕಾಲ ನೋಯಾಕತ್ತೈತಿ,” ಎಂದು ಎದ್ದು ಒಳಗೆ ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾನು ಒಡೆದದ್ದು ಏನು ಎಂದು ಮಾತ್ರ ನಿಖಿತಾಳಿಗೆ ಗೊತ್ತಾಗಲಿಲ್ಲ.

“ಬಾಯಿಗೆ ಬೀಗ ಇಲ್ಲೇನ ನಿನಗ?” ಮಮ್ಮಿ ಅಡುಗೆಮನೆಯಲ್ಲಿ ಗದರಿದಳು. “ನಾಳೆ ಹಾಲು ಎರಿಯಾಕ ಬರೂದಿಲ್ಲ ಅನ್ನಾಕತ್ತಾರ. ಮದುವಿ ಆಗಿ ಈ ಮನಿಗೆ ಬಂದಾಗಿಂದ ಒಂದ ವರ್ಷನೂ ಬಿಟ್ಟವರಲ್ಲ ನಿಮ್ಮಜ್ಜಿ.”

ಮಧ್ಯಾಹ್ನ ನಿಖಿತಾ ಮೆಲ್ಲಗೆ ಅಜ್ಜಿಯ ಮಗ್ಗುಲಿಗೆ ಹೋಗಿ ಕೂತಳು. ಅಜ್ಜಿ ತಲೆಯ ಮೇಲಿನ ಸೆರಗು ಸರಿಸಿ ಕೂದಲು ಬಾಚಿಕೊಳ್ಳುತ್ತಿದ್ದಳು. ಬೆಳ್ಳಗಿನ, ಬಿಗಿಯಾದ ಸಣ್ಣ ಸಣ್ಣ ಗುಂಗುರು. ನಿಖಿತಾಳದೂ ಹೆಚ್ಚುಕಡಿಮೆ ಅಂಥದೇ, ಕಪ್ಪು. ಅದಕ್ಕೇ ಕ್ಲಾಸಿನಲ್ಲಿ ಅವಳನ್ನು ‘ಮ್ಯಾಗಿ’ ಎಂದು ಕರೆಯುತ್ತಾರೆ.

“ಸಾರಿ ಅಜ್ಜಿ. ಲೇಕಿನ್ ನಾನು ತಪ್ಪು ಏನು ಹೇಳ್ದೆ?”

ಅಜ್ಜಿ ಬಾಚಣಿಗೆಗೆ ಸಿಕ್ಕಿದ ಕೂದಲನ್ನು ಬಿಡಿಸಿದಳು. “ನಮ್ಮಪ್ಪ ಆಫ್ರಿಕಾದಾಂವ, ನಿಕ್ಕಿ.”

“ಝೂಟ್!”

“ಖರೇನ. ಬರ್ಮಾದಾಗ ಯುದ್ಧ ನಡೆದಿತ್ತು. ಬ್ರಿಟಿಷರು ಆಫ್ರಿಕಾದಿಂದ ಹುಡುಗರನ್ನ ಸೈನ್ಯಕ್ಕ ಸೇರಿಸಿ ಕರಕೊಂಡ ಬಂದಿದ್ರು. ಕಲ್ಯಾಣದ ಹತ್ರ ದೊಡ್ಡ ಕ್ಯಾಂಪ್ ಇತ್ತು. ನಮ್ಮವ್ವ ಅಲ್ಲಿ ಅರಿಬಿ ಒಗೀತಿದ್ಲು. ಅಂವಾ ಲಗ್ನ ಆಗ್ತೀನಿ ಅಂತ ಕೇಳಿದ್ನಂತ. ಸಾಹೇಬ್ರು ಪರ್ಮಿಷನ್ ಕೊಡಲಿಲ್ಲ. ಯುದ್ಧ ಮುಗೀತು, ಎಲ್ಲಾರನ್ನೂ ಹಡಗ ಹತ್ತಿಸಿ ಕಳಿಸಿಬಿಟ್ರು. ಆಗ ನನಗ ಮೂರು ತಿಂಗಳು.”

“ಆಮೇಲೆ ಲೆಟರ್ ಬರಲಿಲ್ವಾ?”

“ಬಂದಿದ್ರೂ ಓದೋರ ಯಾರು? ನನ್ನಂಥ ಕೂಸು ಅಲ್ಲಿ ಇನ್ನೂ ನಾಕೈದು ಇದ್ವು. ಕೆಲವನ್ನ ಅನಾಥಾಶ್ರಮದಾಗ ಬಿಟ್ರು. ನಮ್ಮವ್ವ ಬಿಡಲಿಲ್ಲ. ಅಪ್ಪನ ಹೆಸರ ಮಾತ್ರ ನನಗ ಹೇಳಲಿಲ್ಲ. ಸಣ್ಣಾಕಿ, ಹೊರಗ ಒದರ್ತಾಳ ಅಂತ ಅಂಜಿಕಿ. ನಾ ದೊಡ್ಡಾಕಿ ಆಗಿ ಕೇಳೂದ್ರಾಗ ಆಕೀಗೆ ಲಕ್ವಾ ಹೊಡದು ಮಾತ ನಿಂತಿತ್ತು.”

ಅಜ್ಜಿ ಅತ್ತಳೇ ಎಂದು ನಿಖಿತಾ ನೋಡಿದಳು. ಅಳಲಿಲ್ಲ. ಬೇಳೆ ಆರಿಸುವಾಗ ಹೇಗಿರುತ್ತಾಳೋ ಹಾಗೇ ಇದ್ದಳು.

“ಹಾಗಾದ್ರೆ ನಾನೂ ಥೋಡಾ ಆಫ್ರಿಕನ್?”

“ಥೋಡಾ.”

ನಿಖಿತಾ ತನ್ನ ಕೂದಲು ಮುಟ್ಟಿ ನೋಡಿಕೊಂಡಳು. ಖುಷಿಯಾಯಿತು. ಮರುಕ್ಷಣವೇ ಅಜ್ಜಿಯ ಬಗ್ಗೆ ಅಯ್ಯೋ ಅನ್ನಿಸಿತು. “ಮತ್ತೆ ಹಾಲು ಯಾಕೆ ಹಾಕಲ್ಲ?”

“ಪಾಲು ಅಂದಕೂಡ್ಲೆ ಹೆಸರ ಕೇಳ್ತಾರ. ಗೊತ್ತಿಲ್ಲ ಅಂದ್ರ ನಮ್ಮವ್ವನ್ನ ಒಂದ ಮಾತ ಅಂತಾರ.”

ನಿಖಿತಾ ತಟ್ಟನೆ ನೆಟ್ಟಗೆ ಕೂತಳು. “ಐಡಿಯಾ! ನಾಳೆ ನೀನು ಬಾ. ಶೈಲಾ ಆಂಟಿ ಕೇಳಿದ್ರೆ ನಾನು ಹೇಳ್ತೀನಿ, ಸಿದ್ದರಾಮಪ್ಪ ಅಂತ. ನಮ್ಮೂರ ಕಡೆಯ ಹೆಸರೇ ಅಲ್ವಾ? ಯಾರಿಗೂ ಡೌಟ್ ಬರಲ್ಲ. ಡನ್?”

ಅಜ್ಜಿ ಬಾಚಣಿಗೆ ಎತ್ತಿಟ್ಟು ಸೆರಗು ಹೊದ್ದುಕೊಂಡಳು.

ಪಂಚಮಿಯ ಬೆಳಿಗ್ಗೆ ಎಲ್ಲರದೂ ಮುಗಿಯುತ್ತ ಬಂದಿತ್ತು. ನಿಖಿತಾ ಹತ್ತು ಸಲ ಬಾಗಿಲ ಕಡೆ ನೋಡಿದಳು. ಕೊನೆಗೆ ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. ನಾಗಪ್ಪನ ಮುಂದೆ ಕೂತು ಚಮಚ ತೆಗೆದುಕೊಂಡಳು.

“ದೇವರ ಪಾಲು. ಗುರುವಿನ ಪಾಲು. ಅವ್ವನ ಪಾಲು.”

ಚಮಚ ಮತ್ತೆ ತುಂಬಿತು. “ಅಪ್ಪನ ಪಾಲು.”

“ಹೆಸರರೀ?” ಶೈಲಾ ಆಂಟಿ ಕೇಳಿಯೇ ಬಿಟ್ಟರು.

ನಿಖಿತಾ ಬಾಯಿ ತೆರೆದಳು. ಹಾಲು ಇನ್ನೂ ಚಮಚದಲ್ಲೇ ಇತ್ತು. ಸಿದ್ದರಾಮಪ್ಪ ಅಂದರೆ ಅದು ಯಾರೋ ಸಿದ್ದರಾಮಪ್ಪನಿಗೆ ಹೋಗಿಬಿಡುತ್ತದೆ. ಹಡಗು ಹತ್ತಿ ಹೋದವನಿಗೆ ಈ ವರ್ಷವೂ ಪಾಲು ಇಲ್ಲ. ಅವಳು ಬಾಯಿ ಮುಚ್ಚಿಕೊಂಡಳು.

“ಹೆಸರ ಗೊತ್ತಿಲ್ಲವ್ವಾ,” ಎಂದಳು ಅಜ್ಜಿ. “ಮಿಲಿಟರ್‍ಯಾಂವ. ಆಫ್ರಿಕಾದಿಂದ ಬಂದಿದ್ದ, ವಾಪಸ್ ಕಳಿಸಿದ್ರು. ನಮ್ಮಪ್ಪ.”

ಹಾಲು ನಾಗಪ್ಪನ ಹೆಡೆಯ ಮೇಲಿಂದ ಇಳಿಯಿತು. ಕೆಳಗೆ ರಸ್ತೆಯಲ್ಲಿ ಒಂದು ರಿಕ್ಷಾ ಹಾರ್ನ್ ಹೊಡೆಯುತ್ತಲೇ ಇತ್ತು. ಶೈಲಾ ಆಂಟಿ ಅಜ್ಜಿಯ ಮುಖ ನೋಡಿದರು, ಸೆರಗಿನ ಅಂಚಿನಿಂದ ಇಣುಕುತ್ತಿದ್ದ ಗುಂಗುರು ಕೂದಲು ನೋಡಿದರು. ಮುಂದಿನ ಪ್ರಶ್ನೆ ಕೇಳಲಿಲ್ಲ.

“ಒಂದ ಚಮಚಾ ಯಾಕ್ರೀ ರಾಚವ್ವಾರ?” ಅಂದರು. “ಇಷ್ಟ ವರ್ಷ ಉಪವಾಸ ಇದ್ದಾರ. ಇನ್ನೊಂದ ಹಾಕ್ರಿ.”

ಈಗ ಅಜ್ಜಿಯ ಕಣ್ಣು ತುಂಬಿತು. ಚಮಚ ಹಾಲಿನ ಬಟ್ಟಲೊಳಗೆ ಇಳಿಯದೆ ಅಂಚಿಗೆ ಬಡಿಯಿತು. ನಿಖಿತಾ ಎರಡೂ ಕೈಯಲ್ಲಿ ಬಟ್ಟಲನ್ನು ಎತ್ತಿ ಅಜ್ಜಿಯ ಹತ್ತಿರ ಹಿಡಿದಳು.