ಬಾಳೆ ಎಲೆಯ ಮೇಲಿನ ಮಳೆ

ಕಲ್ಲಿನ ಪೀಠ ಬರಿದಾಗಿತ್ತು. ಇನ್ನೂರು ವರ್ಷ ಬೆಳೆದೂ ಗೇಣುದ್ದ ದಾಟದ ಕುಂಡದ ಮರ ಮಾಯವಾಗಿತ್ತು.

ಇನ್‌ಸ್ಪೆಕ್ಟರ್ ಯಾನ್‌ಗೆ ನಿವೃತ್ತಿಗೆ ನಲವತ್ತು ದಿನ ಬಾಕಿ. ಆಕೆಯ ಮಂಡಿಗಳು ಮಾತ್ರ ಯಾವ ಕಾಲದಲ್ಲೋ ನಿವೃತ್ತಿ ಪಡೆದಿದ್ದವು. ಚೀನಾದ ಸೂಜೌ ಊರಿನ ಈ ಹಳೇ ತೋಟದಲ್ಲಿ ನೆಟ್ಟಗಿನ ದಾರಿ ಒಂದೂ ಇಲ್ಲ. ಹತ್ತು ಮಾರು ನಡೆಯಲು ಮೂರು ಸೇತುವೆ, ಮೂವತ್ತು ತಿರುವು. ನೆಲದ ಉರುಟುಗಲ್ಲು ಬೂಟು ದಾಟಿ ಅಂಗಾಲನ್ನು ಚುಚ್ಚುತ್ತಿತ್ತು.

"ಇವನೇ ಕದ್ದಿರೋದು," ಎಂದ ತೋಟದ ಮೇಲ್ವಿಚಾರಕ, ಮುದುಕ ಮಾಲಿ ಲು ಕಡೆ ಬೆರಳು ತೋರಿಸಿ. "ಸಂಜೆಯೊಳಗೆ ಮರ ಸಿಗ್ಲಿಲ್ಲ ಅಂದ್ರೆ ಕೆಲಸದಿಂದ ತೆಗೀತೀನಿ."

"ಅಜ್ಜ, ಮರ ಹೋಗಿದ್ದು ಮೂರು ಗಂಟೆಗೆ. ಆಗ ಎಲ್ಲಿದ್ರಿ?" ಯಾನ್ ಕೇಳಿದಳು.

"ಬಾವಿ ಹತ್ರ ಕತ್ತಿ ತೊಳೀತಿದ್ದೆ ತಾಯಿ. ಚಳಿ ಬಂತಲ್ಲ, ಬೆಳಿಗ್ಗೆಯಿಂದ ಕಡಿದು, ಕಟ್ಟಿ ಸೊಂಟ ಬಿದ್ದೋಯ್ತು."

"ಯಾರು ನೋಡಿದ್ರು?"

"ಬಾವಿ."

\* \* \*

ಆ ಹೊತ್ತು ತೋಟದಲ್ಲಿದ್ದ ಹೊರಗಿನವರೆಂದರೆ ಮಾರ್ಗದರ್ಶಿ ಫಾನ್ ಕೈ ಮತ್ತು ಅವನ ಹನ್ನೆರಡು ಪ್ರವಾಸಿಗರು. ಜನರ ಕಣ್ಣು ಮುಚ್ಚಿಸಿ ತೋಟ ತೋರಿಸುವುದು ಅವನ ಕಸುಬು. ಬಂಡೆ ಸವರಿಸುತ್ತಿದ್ದ, ಹಳೇ ಮರದ ಕಂಬ ಮೂಸಿಸುತ್ತಿದ್ದ, ಕೊನೆಗೆ ಹೂವಿನ ಕಡುಬು ತಿನ್ನಿಸುತ್ತಿದ್ದ.

"ಮೂರಕ್ಕೆ ನಾವೆಲ್ಲ ಮಳೆ ಸದ್ದು ಕೇಳೋ ಮಂಟಪದಲ್ಲಿದ್ವಿ. ಇವರನ್ನೇ ಕೇಳಿ," ಎಂದ.

ಗುಂಪಿನ ಚೂ ಅಜ್ಜಿ ಮುಂದೆ ಬಂದಳು. "ಹೌದಮ್ಮ. ಕಾಲು ಗಂಟೆ ಕಣ್ಮುಚ್ಚಿ ಕೂತಿದ್ವಿ. ಚಳಿಗೆ ಕಿಟಕಿ ಹಾಕಿತ್ತು. ಹೊರಗೆ ಬಾಳೆ ಎಲೆ ಮೇಲೆ ಮಳೆ, ಬಾಣಲೇಲಿ ಜೋಳ ಸಿಡಿದ ಹಾಗೆ ಪಟಪಟ. ಮಧ್ಯೆ ಮಧ್ಯೆ ಇವನ ದನಿ, ‘ಕಣ್ಣು ಬಿಡಬೇಡಿ, ಉಸಿರೆಳ್ಕೊಳ್ಳಿ.’ ನಮ್ಮೆಜಮಾನ್ರು ಗೊರಕೆ ಹೊಡೆದ್ರು."

"ಆಮೇಲೆ?"

"ಆಮೇಲೇನು, ಕಡುಬಿನ ಬುಟ್ಟಿ ಮಗು ಥರ ತಬ್ಕೊಂಡು ತಿರುಗ್ತಿದ್ದಾನೆ. ಕೊಡೋ ಲಕ್ಷಣ ಇಲ್ಲ."

"ನೆನೆದೋಗಿವೆ ಅಜ್ಜಿ," ಎಂದ ಫಾನ್.

\* \* \*

ಯಾನ್ ಮಂಟಪಕ್ಕೆ ಹೋಗಿ ಕುಸಿದು ಕೂತಳು. ತನಿಖೆಗಲ್ಲ, ಮಂಡಿಗೋಸ್ಕರ. ಆಯಾಸಕ್ಕೆ ಕಣ್ಣು ತಾನಾಗಿ ಮುಚ್ಚಿತು. ಮಳೆ ಇನ್ನೂ ಸುರಿಯುತ್ತಿತ್ತು. ಪಟಪಟ ಇಲ್ಲ. ಒದ್ದೆ ಹಾಸಿಗೆ ಬಡಿದಂತೆ ಮಂಕು ಸದ್ದು.

ಎದ್ದು ಕಿಟಕಿ ತೆರೆದಳು. ಸೊಂಟದೆತ್ತರದ ಬಾಳೆ ದಿಂಡುಗಳು ಹುಲ್ಲು ಸುತ್ತಿಕೊಂಡು, ಶಾಲು ಹೊದ್ದ ಮುದುಕಿಯರಂತೆ ನಿಂತಿದ್ದವು. ಒಂದು ಎಲೆಯೂ ಇರಲಿಲ್ಲ.

\* \* \*

"ಫಾನ್, ಇಲ್ಲದ ಎಲೆ ಮೇಲೆ ಮಳೆ ಹೆಂಗಪ್ಪ ಬಿತ್ತು?"

ಫಾನ್ ಬುಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡ.

"ಚಳಿಗೆ ಮುಂಚೆ ಬಾಳೆ ಕಡಿದು ಹುಲ್ಲು ಕಟ್ತಾರೆ. ಅಜ್ಜ ಇವತ್ತು ಬೆಳಿಗ್ಗೆ ಮಾಡಿದ್ದು ಅದನ್ನೇ. ಇವರು ಕೇಳಿದ್ದು ನಿನ್ನ ಫೋನಿನೊಳಗಿನ ಹಳೇ ಮಳೆ, ಜೊತೆಗೆ ನಿನ್ನ ದನಿ. ಹನ್ನೆರಡು ಜನರ ಕಣ್ಣು ಮುಚ್ಚಿಸಿ, ಫೋನು ಕಿಟಕಿ ಹತ್ರ ಇಟ್ಟು ಹೋದೆ. ಮರ ಬುಟ್ಟಿಗೆ, ಕಡುಬು ಕೊಳಕ್ಕೆ."

ಆಕೆ ಬುಟ್ಟಿಯ ಮುಚ್ಚಳ ಎತ್ತಿದಳು. ಗೇಣುದ್ದದ ಮರ ಓರೆಯಾಗಿ ಮಲಗಿತ್ತು.

"ನನ್ನ ಕಡುಬು ಮೀನಿಗೆ ಹಾಕಿದ್ಯೇನೋ?" ಎಂದಳು ಚೂ ಅಜ್ಜಿ.

ಫಾನ್ ತಲೆ ತಗ್ಗಿಸಿದ. "ಹನ್ನೊಂದು ವರ್ಷ ಮಳೆ ಬಂದಾಗೆಲ್ಲ ಜನಕ್ಕೆ ಈ ಎಲೆ ಮೇಲಿನ ಸದ್ದು ಕೇಳಿಸಿದ್ದೀನಿ ಮೇಡಂ. ಕಿಟಕಿ ಆಚೆ ನೋಡೋದು ಯಾವಾಗ್ಲೋ ಬಿಟ್ಬಿಟ್ಟೆ."

ಲು ಅಜ್ಜ ಮರವನ್ನು ಪೀಠದ ಮೇಲಿಟ್ಟು ಮಣ್ಣಿಗೆ ಬೆರಳು ಊರಿದ. ಮೇಲ್ವಿಚಾರಕ ಓಡಿ ಬಂದು ಕೊಡೆ ಹಿಡಿದ. ಅಜ್ಜನಿಗಲ್ಲ, ಮರಕ್ಕೆ.

"ತೆಗೀರಿ ಸಾರ್, ಅದಕ್ಕೆ ಬಾಯಾರಿದೆ. ನಾನು ನಾಳೆ ಬರ್ಲೋ, ಬೇಡ್ವೋ?"

"ಬನ್ನಿ, ಬನ್ನಿ," ಎಂದ ಮೇಲ್ವಿಚಾರಕ, ನೆಲ ನೋಡುತ್ತ.

ಅಜ್ಜ ಯಾನ್ ಕಡೆ ತಿರುಗಿದ. "ಎಲೆ ಬಂದ್ಮೇಲೆ ಒಂದ್ಸಲ ಬಾ ತಾಯಿ. ಆಗ ಕೇಳ್ಬೇಕು ಮಳೆ."

"ಬರ್ತೀನಿ ಅಜ್ಜ. ಅಷ್ಟ್ರೊಳಗೆ ಒಂದು ನೆಟ್ಟಗಿನ ದಾರಿ ಮಾಡ್ಸಿ."

"ನೆಟ್ಟಗಿದ್ದಿದ್ರೆ ಆ ಫಾನ್ ಕಾಲು ಗಂಟೇಲಿ ಮರ ಆಚೆ ಸಾಗ್ಸಿ ಬಂದು, ಕಡುಬೂ ಕೊಟ್ಟು, ಮನೆಗೂ ಹೋಗಿರ್ತಿದ್ದ," ಎಂದ ಅಜ್ಜ.